ಚಿಕ್ಕರಂಗಯ್ಯನ ಮನೆಯ ಹಿತ್ತಲ ಬಾಗಿಲು

ಕಡಬದ ಕೆರೆ ಏರಿಯ ಮೇಲೆ ರಾತ್ರಿ ಹತ್ತೂವರೆ ಹೊತ್ತಿಗೆ ಒಬ್ಬ ಮನುಷ್ಯ ಎಡಗಾಲು ಎಳೆಯುತ್ತಾ ನಡೆಯುತ್ತಿದ್ದ. ಅವನ ಎಡಗಾಲಿಗೆ ಏನೂ ಆಗಿರಲಿಲ್ಲ.

ಇದನ್ನು ಮೊದಲೇ ಹೇಳಿಬಿಡೋದು ಒಳ್ಳೇದು. ಕಾಲಿಗೆ ಏನಾದರೂ ಆಗಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ, ನೀವೂ ಇಷ್ಟು ಹೊತ್ತಿಗೆ ಮಲಗಿರುತ್ತಿದ್ದಿರಿ.

ಎಂಬತ್ತೊಂದನೇ ಇಸವಿ. ಅಮಾವಾಸ್ಯೆಗೆ ಎರಡು ದಿನ ಇತ್ತು. ಬಲಗಡೆ ಕೆರೆ, ಎಡಗಡೆ ಗದ್ದೆ, ಅದರಾಚೆ ತೆಂಗಿನ ತೋಟಗಳು ಕರ್ರಗೆ ನಿಂತಿದ್ದವು. ತೂಬಿನಲ್ಲಿ ನೀರು ಗುಳ್... ಗುಳ್... ಅಂತ ಇಳಿಯುತ್ತಿತ್ತು. ಅವನ ಬಲಗಾಲಿನ ಚಪ್ಪಲಿ ಟಪ್ ಎಂದರೆ ಎಡಗಾಲಿನದು ಸರ್ರ್ ಎನ್ನುತ್ತಿತ್ತು. ಟಪ್... ಸರ್ರ್... ಟಪ್... ಸರ್ರ್... ಅಂಗಿಯ ಜೇಬಿನಲ್ಲಿದ್ದ ಸ್ಪ್ಯಾನರು ಬೀಗದ ಕೈಗೆ ತಗುಲಿ, ನಾಲ್ಕು ಹೆಜ್ಜೆಗೊಂದು ಸಲ ಚಿಣ್ ಎನ್ನುತ್ತಿತ್ತು. ಮುಂದೆ, ಏರಿ ಇಳಿಯುವ ಕಡೆ, ದೊಡ್ಡದೊಂದು ಆಲದ ಮರ. ಅದರ ಬುಡದಲ್ಲಿ ಪಾಳುಬಾವಿ. ಅದನ್ನು ದಾಟಿ ಟಾರು ರಸ್ತೆ ಸೇರಿದರೆ ಗುಬ್ಬಿ ಮೇಲೆ ತುಮಕೂರಿಗೆ ಹೋಗುವ ಯಾವುದಾದರೂ ತೆಂಗಿನಕಾಯಿ ಲಾರಿ ಸಿಗುತ್ತಿತ್ತು.

ಏರಿ ಮೇಲೆ ನೋಡೋಕೆ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಅವನು ಕಾಲು ಎಳೆಯುವುದನ್ನು ಬಿಟ್ಟಿರಲಿಲ್ಲ.

ಅವನು ಯೋಗನರಸಿಂಹ, ನನ್ನ ಚಿಕ್ಕಮ್ಮನ ಮಗ. ತುಮಕೂರಿನ ನೀರಾವರಿ ಆಫೀಸಿನಲ್ಲಿ ಟ್ರೇಸರು. ದೊಡ್ಡ ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಇಂಡಿಯನ್ ಇಂಕಿನಲ್ಲಿ ಗೆರೆ ಮೇಲೆ ಗೆರೆ ಎಳೆಯೋದು ಅವನ ಕೆಲಸ. ಅದೇ ಆಫೀಸಿನಲ್ಲಿ ನಾನು ಟೈಪಿಸ್ಟು. ನನ್ನ ಟೈಪಿನ ವೇಗಕ್ಕೆ ಮೂರು ಮಷೀನು ಸುಸ್ತಾಗಿ ರಜೆ ಹಾಕಿದ್ದವು, ಆ ವಿಷಯ ಇನ್ನೊಂದು ದಿನಕ್ಕಿರಲಿ. ನಾವಿಬ್ಬರೂ ಶೆಟ್ಟಿಹಳ್ಳಿಯ ಒಂದು ವಠಾರದಲ್ಲಿದ್ದೆವು. ನನ್ನದು ಹೆಂಡತಿ ಪದ್ಮಮ್ಮ ಇದ್ದ ಎರಡು ಕೋಣೆಯ ಸಂಸಾರ. ಪಕ್ಕದ ಒಂಟಿ ಕೋಣೆ ಅವನದು. ವಯಸ್ಸು ಮೂವತ್ತನಾಲ್ಕು. ತಾಯಿ ತಂದೆ ಇಬ್ಬರೂ ಹೋಗಿ ವರ್ಷಗಳಾಗಿದ್ದವು, ಮದುವೆ ಆಗಿರಲಿಲ್ಲ. ಮೆಸ್ಸಿನಲ್ಲಿ ಊಟ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ಆರು "ಸಾಕು, ಬೇಡ."

ಪಕ್ಕದಲ್ಲೇ ನಾನಿದ್ದೆನಲ್ಲ ಅಂತ ನೀವು ಕೇಳಬಹುದು. ಇದ್ದೆ. ಆದರೆ ಹತ್ತು ಗಂಟೆಗೆ ದಿಂಬಿಗೆ ತಲೆ ಕೊಟ್ಟರೆ ನನ್ನ ಗೊರಕೆ ರೈಲ್ವೆ ಸ್ಟೇಷನ್ನಿಗೆ ಕೇಳುತ್ತಿತ್ತು. ಅವನು ಎಷ್ಟು ಹೊತ್ತಿಗೆ ಬರುತ್ತಾನೆ, ಬರುತ್ತಾನೋ ಇಲ್ಲವೋ, ಅಂತ ನಾನೊಂದು ದಿನವೂ ನೋಡಿದವನಲ್ಲ.

ಈಗ ಆ ಕುಂಟುಕಾಲಿನ ವಿಷಯ.

ವಠಾರದ ಕೊನೆ ಮನೆಯಲ್ಲಿ ವೆಂಕಟೇಶಯ್ಯ ಮೇಷ್ಟ್ರು ಅಂತ ಇದ್ದರು. ರಿಟೈರಾದ ಡ್ರಿಲ್ ಮೇಷ್ಟ್ರು. ಹರೆಯದಲ್ಲಿ ಗುಬ್ಬಿ ಕಡೆಯ ನಾಟಕದವರ ಜೊತೆ ಊರೂರು ತಿರುಗಿ ಬಾಗಿಲು ಕಾಯೋ ಭಟನ ಪಾರ್ಟು ಮಾಡಿದ್ದರು. ಅವರ ಪ್ರಕಾರ ಸ್ಟೇಜಿನ ಮೇಲೆ ಪಾರ್ಟು ಮಾಡೋದು ಮೋಸ. ಟಿಕೆಟ್ ತಗೊಂಡು ಬಂದವನು ನಂಬೋಕೇ ಬಂದಿರುತ್ತಾನೆ, ಅವನನ್ನು ನಂಬಿಸೋದರಲ್ಲಿ ಏನು ಹೆಚ್ಚುಗಾರಿಕೆ? ಆಟ ಅಂತ ಗೊತ್ತೇ ಇಲ್ಲದವರ ಮುಂದೆ, ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಬೆಳಿಗ್ಗೆಯಿಂದ ಸಂಜೆವರೆಗೆ ಇನ್ನೊಬ್ಬನಾಗಿ ಬದುಕಿ ಬಾ ನೋಡೋಣ, ಅನ್ನೋರು. ಹಾಗೆ ಶುರುವಾಯಿತು ನಮ್ಮ ಭಾನುವಾರದ ಆಟ. ಅದಕ್ಕೆ ಮೇಷ್ಟ್ರು ಇಟ್ಟ ಹೆಸರು 'ಆಸಾಮಿ ಕಟ್ಟೋದು'.

ಹೆಸರು ಊರು ಹೇಳಿದರೆ ಆಸಾಮಿ ಆಗಲ್ಲ. ಅವನ ಜೇಬಲ್ಲಿ ಏನಿದೆ? ಯಾವ ಕಾಲು ನೋಯುತ್ತೆ? ಯಾವ ಮಾತಿಗೆ ಸಿಟ್ಟು ಬರುತ್ತೆ, ಕತ್ತಲಲ್ಲಿ ಯಾವುದಕ್ಕೆ ಹೆದರುತ್ತಾನೆ? ಮೇಷ್ಟ್ರು ಒಂದೊಂದನ್ನೂ ಕೇಳೋರು. ಇರುವ ಮನುಷ್ಯರ ಹೆಸರು, ಇರುವ ಮನೆ ಹೇಳೋ ಹಾಗಿಲ್ಲ, ಇನ್ನೊಬ್ಬರ ಬದುಕಿಗೆ ಕೈ ಹಾಕಿದ ಹಾಗಾಗುತ್ತೆ. ಸಿಕ್ಕಿಬಿದ್ದವನು ಒಂದು ವಾರ ಎಲ್ಲರಿಗೂ ಕಾಫಿ ಮಾಡಿಕೊಡಬೇಕು.

ನಾನು ಕುಣಿಗಲ್ಲಿನಲ್ಲಿ ಕುದುರೆ ಡಾಕ್ಟರಾಗಿದ್ದೆ. ಒಂದೇ ಭಾನುವಾರ ಮೂರು ಕುದುರೆಗೆ ಔಷಧಿ ಹೇಳಿದೆ. ಎರಡು ವಾಸಿಯಾದವು. ಮೂರನೆಯದು ಎತ್ತು ಅಂತ ಆಮೇಲೆ ಗೊತ್ತಾಯಿತು, ಅದೂ ವಾಸಿಯಾಯಿತು. ಔಷಧಿ ಅಂಗಡಿಯ ರುದ್ರಯ್ಯ ಕಿವುಡನಾಗಿ ಹೋಗಿದ್ದ. ಯಾರೋ ಹಿಂದಿನಿಂದ "ಹಾವು" ಅಂದದ್ದಕ್ಕೆ ಬಾಳೆಹಣ್ಣಿನ ಗಾಡಿ ಹತ್ತಿ, ಆ ವಾರದ ಕಾಫಿ ಅವನದಾಯಿತು.

ಇನ್ನೊಂದು ಕಟ್ಟಳೆ ಇತ್ತು. ಮೇಷ್ಟ್ರು ಅದೊಂದರಲ್ಲಿ ಮಾತ್ರ ತಮಾಷೆ ಮಾಡುತ್ತಿರಲಿಲ್ಲ. ಆಟ ಮುಗಿಸಿ ಬಂದವನು ನೇರ ಮನೆಯೊಳಗೆ ಕಾಲಿಡಬಾರದು. ವಠಾರದ ಹಿಂದಿನ ಬಾವಿಯಿಂದ ಒಂದು ಕೊಡ ನೀರು ಸೇದಿ, ಕಾಲು ತೊಳೆದು, ಬಾವಿಯ ಕಡೆ ಬಗ್ಗಿ ಆಸಾಮಿಯ ಹೆಸರು ಕರೆದು "ನೀನಿನ್ನು ಹೋಗು" ಅನ್ನಬೇಕು. ಆಮೇಲೆ ತನ್ನ ಹೆಸರು ಹೇಳಿಕೊಂಡು ಒಳಗೆ ಬರಬೇಕು.

"ಬಣ್ಣ ಹಚ್ಚಿದ್ರೆ ಎಣ್ಣೆ ಹಾಕಿ ಒರೆಸ್ಬೋದು," ಅನ್ನೋರು. "ಇದಕ್ಕೆ ಬಣ್ಣ ಇಲ್ಲ. ಬಾಯಲ್ಲೇ ಕಳಿಸ್ಬೇಕು."

ಯೋಗ ಮೊದಲ ನಾಲ್ಕು ವಾರವೂ ಸೋತ. ಗುಬ್ಬಿಗೆ ವೀಳ್ಯದೆಲೆ ವ್ಯಾಪಾರಿಯಾಗಿ ಹೋದವನು, ಹೋಟೆಲಿನವನು ನಿಮ್ಮ ಹೆಸರೇನು ಅಂದ ತಕ್ಷಣ, ಯೋಗನರಸಿಂಹ ಅಂದುಬಿಟ್ಟ. ತಿಂಗಳು ಪೂರ್ತಿ ಅವನ ನೀರು ಕಾಫಿ ಕುಡಿದು ನಮಗೆಲ್ಲ ಸಾಕಾಗಿತ್ತು. ಐದನೇ ವಾರ ಮೇಷ್ಟ್ರು ಅವನನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ನಿನ್ನ ಆಸಾಮಿಗಳು ಎಲ್ಲಿಗೂ ಹೋಗೋರ ಹಾಗೆ ನಡೆಯಲ್ಲ ಕಣಯ್ಯ. ಸಂಜೆ ಆದ್ರೆ ಮನುಷ್ಯನ ಕಾಲು ತಾನಾಗಿ ಮನೆ ಕಡೆ ತಿರುಗುತ್ತೆ. ನೀನು ಅವರಿಗೆಲ್ಲ ಹೆಸರು ಕೊಟ್ಟೆ, ಕಸುಬು ಕೊಟ್ಟೆ... ಕಾಯೋರನ್ನ ಕೊಟ್ಟಿಲ್ಲ."

ಆ ರಾತ್ರಿ ಯೋಗನ ಕೋಣೆಯ ದೀಪ ಆರಲಿಲ್ಲ ಅಂತ ಪದ್ಮಮ್ಮ ಹೇಳಿದಳು. ನನಗೆ ಗೊತ್ತಿಲ್ಲ, ನನ್ನ ಗೊರಕೆಯ ವಿಷಯ ಆಗಲೇ ಹೇಳಿದ್ದೀನಿ.

ಬೆಳಿಗ್ಗೆ ಅವನು ನನಗೆ ತೋರಿಸಿದ್ದು ಒಂದು ಟ್ರೇಸಿಂಗ್ ಹಾಳೆ. ಅದರಲ್ಲೊಂದು ಮನೆಯ ನಕ್ಷೆ, ಇಂಚಿಗೆ ನಾಲ್ಕಡಿ ಅಳತೆ. ಜಗುಲಿ, ನಡುಮನೆ, ಒಲೆ, ನೀರಿನ ಹಂಡೆ, ಹಿತ್ತಲು, ಬಟ್ಟೆ ಒಗೆಯೋ ಕಲ್ಲು. ಜಾಗ ಕಡಬದ ಏರಿಯ ಹಿಂದೆ, ಆಲದ ಮರದ ಪಕ್ಕ. ಕಡಬ ಕೆರೆಯ ನಕ್ಷೆ ಪೂರ್ತಿ ಅವನ ಕೈಯಲ್ಲೇ ಟ್ರೇಸಾಗಿತ್ತು. ಅಲ್ಲಿ ಒಂದು ಮರ, ಒಂದು ಪಾಳುಬಾವಿ ಬಿಟ್ಟರೆ ಏನೂ ಇಲ್ಲ ಅನ್ನೋದು ಅವನಿಗೆ ಗೊತ್ತಿದ್ದಷ್ಟು ಆ ಊರಿನವರಿಗೂ ಗೊತ್ತಿರಲಿಲ್ಲ. ಇರುವ ಮನೆ ಆಗಬಾರದಲ್ಲ, ಅದಕ್ಕೇ ಆ ಜಾಗ.

ಮನೆಯ ಯಜಮಾನ ಚಿಕ್ಕರಂಗಯ್ಯ, ಪಂಪ್‌ಸೆಟ್ಟು ರಿಪೇರಿಯವನು. ಚಿಕ್ಕವನಿದ್ದಾಗ ತೆಂಗಿನ ಮರದಿಂದ ಬಿದ್ದು ಎಡಗಾಲು ಎಳೆಯುತ್ತಾನೆ. ಜೇಬಿನಲ್ಲಿ ಸ್ಪ್ಯಾನರು. ಮದುವೆಯಾಗಿಲ್ಲ. ಕಾಯೋಳು ಅಕ್ಕ ದೊಡ್ಡಗಂಗಮ್ಮ. ಇವನಿಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವಳು, ಸಾಕಿದವಳು. ಹಲ್ಲು ಬೇಗ ಹೋಗಿವೆ. ಎಲೆಅಡಿಕೆಯನ್ನು ಕಬ್ಬಿಣದ ಕುಟ್ಟಾಣಿಯಲ್ಲಿ ಕುಟ್ಟಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ತಮ್ಮ ಬರುವವರೆಗೆ ತಾನು ಉಣ್ಣುವುದಿಲ್ಲ. ಮುದ್ದೆ ಮುಚ್ಚಿಟ್ಟು ಜಗುಲಿ ಮೇಲೆ ಕೂತಿರುತ್ತಾಳೆ.

ನನ್ನ ಕಣ್ಣು ಹದ್ದಿನದು, ತಪ್ಪು ಕಂಡುಹಿಡಿದೆ. ಹಿತ್ತಲ ಬಾಗಿಲು ಹೊರಕ್ಕೆ ತೆರೆಯುವ ಹಾಗೆ ಬರೆದಿದ್ದ. ಹೊರಗೆ ಪಕ್ಕದಲ್ಲೇ ಒಗೆಯೋ ಕಲ್ಲು. ಬಾಗಿಲು ಅರ್ಧ ತೆರೆಯುವಷ್ಟರಲ್ಲಿ ಕಲ್ಲಿಗೆ ಬಡಿಯುತ್ತೆ. ಆಫೀಸಿನಲ್ಲಾಗಿದ್ದರೆ ಸಾಹೇಬರು ಹಾಳೆ ವಾಪಸ್ ಎಸೆಯುತ್ತಿದ್ದರು ಅಂದೆ. ಇಂಕಿನಲ್ಲಿ ಬರೆದಾಗಿದೆ, ಇನ್ನು ಬ್ಲೇಡು ಹಾಕಿ ಕೆರೆಯಬೇಕು, ಇರಲಿ ಬಿಡು, ಯಾರು ಇರ್ತಾರೆ ಆ ಮನೇಲಿ, ಅಂದ.

ಆ ಭಾನುವಾರ ಪಂಚೆ ಉಟ್ಟು, ಟವೆಲ್ ಹೆಗಲಿಗೆ ಹಾಕಿ, ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟುಕೊಂಡು ಕಡಬಕ್ಕೆ ಹೋದ. ಸಂಜೆ ನಗುತ್ತಾ ಬಂದ. ಅವನ ಹಲ್ಲು ನಾನು ಮೊದಲ ಸಲ ನೋಡಿದ್ದು ಅವತ್ತೇ. ಯಾರೂ ಹಿಡಿಯಲಿಲ್ಲವಂತೆ. ಎರಡನೇ ವಾರ ಅವನನ್ನು ರಂಗಣ್ಣ ಅಂತ ಕರೆದರಂತೆ. ಮೂರನೇ ವಾರ ಸಂಜೆ ಐದಾಗುತ್ತಲೇ "ಅಕ್ಕ ಕಾಯ್ತಾಳೆ" ಅಂತ ಎದ್ದನಂತೆ. ಟೀ ಅಂಗಡಿಯವರು ಯಾರೂ ನಗಲಿಲ್ಲ. ಹೋಗಪ್ಪ ಹೋಗು, ಅಂದರಂತೆ.

ಆ ಮಾತು ಹೇಳುವಾಗ ಅವನ ಮುಖ ನೋಡಬೇಕಿತ್ತು... ಆಗಲೇ ನನಗೆ ಹೊಳೆಯಬೇಕಿತ್ತು.

ಬಾವಿಯ ಹತ್ತಿರ ಕಾಲು ತೊಳೆಯುತ್ತಿದ್ದ. ಆದರೆ ಬಗ್ಗಿ ಹೆಸರು ಕರೆಯುವುದು ನಿಂತಿತ್ತು. ಒಂದು ಭಾನುವಾರ ಪದ್ಮಮ್ಮ ನೋಡಿ ಹೇಳಿದಳು, ನಾನು ಹೋಗಿ ಕೇಳಿದೆ.

"ಕಳಿಸೋಕೆ ಮನಸ್ಸಾಗ್ತಿಲ್ಲ ಕಣೋ," ಅಂದ. "ಅವನು ಹೋದ್ರೆ ಅವಳೂ ಹೋಗ್ತಾಳಲ್ಲ."

ಅದು ಆಟ ಅಂತ ನೆನಪಿಸಿದೆ. ಹೂಂ, ಆಟ, ಅಂದ. ನಾನು ಹೋಗಿ ಮಲಗಿದೆ.

ಹೀಗೆ ಆರು ಭಾನುವಾರ ಕಳೆದವು. ಆರು ಭಾನುವಾರವೂ ಚಿಕ್ಕರಂಗಯ್ಯನನ್ನು ಯಾರೂ ಕಳಿಸಲಿಲ್ಲ.

ಏಳನೆಯ ಭಾನುವಾರ ಕಡಬದಲ್ಲಿ ರಾಮಾಂಜಿನಯ್ಯ ಅನ್ನೋ ರೈತ ಅವನನ್ನು ತನ್ನ ತೋಟದ ಪಂಪಿಗೆ ಕರೆದುಕೊಂಡು ಹೋದ. ಫುಟ್‌ವಾಲ್ವು ಸೋರಿ ಪಂಪು ನೀರು ಎತ್ತುತ್ತಿರಲಿಲ್ಲ. ಯೋಗನಿಗೆ ಪಂಪ್‌ಸೆಟ್ಟಿನ ವಿಷಯ ಎಷ್ಟು ಗೊತ್ತೋ ನನಗೆ ಕುದುರೆ ವಿಷಯ ಅಷ್ಟೇ ಗೊತ್ತು. ಕತ್ತಲಾದ ಮೇಲೂ ಹತ್ತು ಗಂಟೆಯವರೆಗೆ ಬಿಚ್ಚಿದ, ಹಾಕಿದ, ಬಿಚ್ಚಿದ. ಕೊನೆಗೆ ನಾಳೆ ಬಂದು ಹಾಕಿಕೊಡ್ತೀನಿ ಅಂತ ಮಾತು ಕೊಟ್ಟು ಎದ್ದ. ಅಷ್ಟು ಹೊತ್ತಿಗೆ ಕೊನೆಯ ಬಸ್ಸು ಹೋಗಿತ್ತು.

ಅದಕ್ಕೇ ಏರಿ ಮೇಲಿನ ಆ ನಡಿಗೆ. ಟಪ್... ಸರ್ರ್... ಚಿಣ್.

ಆಲದ ಮರ ಇನ್ನೂ ನೂರು ಹೆಜ್ಜೆ ಇದ್ದಾಗ ತೂಬಿನ ಸದ್ದು ಹಿಂದೆ ಉಳಿಯಿತು. ಕಪ್ಪೆಗಳು ಒಂದೇ ಸಲಕ್ಕೆ ಸುಮ್ಮನಾದವು. ಆಗ ಕೇಳಿಸಿತು.

ಟಕ್... ಟಕ್... ಟುಕ್.

ಅವನು ನಿಂತ. ಗಾಳಿ ಇರಲಿಲ್ಲ.

ಟಕ್... ಟಕ್... ಟುಕ್.

ಕಬ್ಬಿಣಕ್ಕೆ ಕಬ್ಬಿಣ ಎರಡು ಸಲ. ಮೂರನೆಯದು ಎಲೆಯ ಮೇಲೆ ಬಿದ್ದ ಹಾಗೆ ಮೆತ್ತಗೆ. ಕುಟ್ಟಾಣಿಯ ವಿಷಯ ನಮಗೆಲ್ಲ ಹೇಳಿದ್ದ. ಮೂರನೇ ಏಟು ಮೆತ್ತಗಿರುತ್ತೆ ಅನ್ನೋದನ್ನು ಯಾರಿಗೂ ಹೇಳಿರಲಿಲ್ಲ. ಮನಸ್ಸಿನಲ್ಲಿ ಮಾತ್ರ ಇಟ್ಟುಕೊಂಡಿದ್ದ, ನಿದ್ದೆ ಬಾರದ ರಾತ್ರಿಗಳಿಗೆ.

ಆಲದ ಬಿಳಲುಗಳ ಹಿಂದೆ ಒಂದು ಲಾಂದ್ರದ ಬೆಳಕು. ಬೆಳಕಿನಲ್ಲಿ ಒಂದು ಜಗುಲಿ. ಜಗುಲಿ ಮೇಲೆ ಕಾಲು ಚಾಚಿ ಕೂತ ಒಬ್ಬ ಹೆಂಗಸು. ಅವಳು ತಲೆ ಎತ್ತಲಿಲ್ಲ. ಕುಟ್ಟುತ್ತಲೇ, ಪಕ್ಕದಲ್ಲಿ ಯಾರೋ ಮಲಗಿದ್ದಾರೆ ಅನ್ನೋ ಹಾಗೆ ಮೆಲ್ಲಗೆ ಕೇಳಿದಳು.

"ರಂಗಾ... ಏನ್ಲಾ ಇಷ್ಟೊತ್ತು?"

ಓಡಬೇಕಿತ್ತು. ನಾನಾಗಿದ್ದರೆ ಓಡುತ್ತಿದ್ದೆ, ಗುಬ್ಬಿ ದಾಟಿ ತುಮಕೂರೂ ದಾಟಿಬಿಡುತ್ತಿದ್ದೆ. ಆದರೆ ಯೋಗನನ್ನು ಇಷ್ಟು ಹೊತ್ತು ಯಾಕೆ ಅಂತ ಯಾರಾದರೂ ಕೇಳಿ ಹನ್ನೆರಡು ವರ್ಷವಾಗಿತ್ತು.

"ಬಸ್ ತಪ್ಪೋಯ್ತು ಕಣಕ್ಕ," ಅಂದ. ಅವನ ದನಿಯೂ ಪಿಸುಮಾತಾಗಿತ್ತು.

"ಮುದ್ದೆ ಆರೋಯ್ತದೆ. ತಡಿ, ನೀರ್ ತತ್ತೀನಿ."

ಕುಟ್ಟಾಣಿಯನ್ನು ಜಗುಲಿ ಮೇಲಿಟ್ಟಳು. ಠಣ್. ಮೊಣಕಾಲು ಹಿಡಿದುಕೊಂಡು ಎದ್ದಳು. ಒಳಗೆ ಹೋದಳು. ಮುಂಬಾಗಿಲಿನಿಂದ ಹಿಂಬಾಗಿಲವರೆಗೆ ನೇರ ಕಾಣುತ್ತಿತ್ತು. ಎಡಕ್ಕೆ ಒಲೆ, ಬಲಕ್ಕೆ ಕಂಬ, ಅವನು ಎಳೆದ ಹಾಗೇ, ಅಂಗುಲ ಹೆಚ್ಚಿಲ್ಲ, ಕಮ್ಮಿಯಿಲ್ಲ. ಅವಳು ಹಿತ್ತಲ ಬಾಗಿಲು ತಳ್ಳಿದಳು.

ಧಡ್.

ಬಾಗಿಲು ಕಲ್ಲಿಗೆ ಬಡಿದು ಅರ್ಧಕ್ಕೆ ನಿಂತಿತು. ಅವಳು ಅಡ್ಡಡ್ಡಲಾಗಿ ತಿರುಗಿ, ಉಸಿರು ಬಿಗಿಹಿಡಿದು, ಸಂದಿನಲ್ಲಿ ನುಸುಳಿ ಆಚೆ ಹೋದಳು. ನೀರು ಮೊಗೆದ ಸದ್ದು. ಮತ್ತೆ ಹಾಗೇ ಅಡ್ಡಡ್ಡಲಾಗಿ ನುಸುಳಿ ಬಂದಳು, ಮೊಣಕೈ ಚೌಕಟ್ಟಿಗೆ ಉಜ್ಜಿತು.

"ಹಾಳ್ ಬಾಗ್ಲು," ಅಂತ ಗೊಣಗಿಕೊಂಡಳು. "ಯಾವೋನ್ ಮಾಡಿದ್ನೋ."

ಯೋಗನ ಬೆನ್ನಿನಲ್ಲಿ ತಣ್ಣಗೆ ಏನೋ ಇಳಿಯಿತು. ಭಯ ಅಂತ ನೀವು ಅಂದುಕೊಳ್ಳುತ್ತೀರಿ. ನನಗೆ ಅವನು ಹೇಳಿದ್ದು ಬೇರೆ. ನಾಚಿಕೆ ಆಯಿತು ಕಣೋ, ಅಂದ. ದಿನಕ್ಕೆಷ್ಟು ಸಲ ಹೀಗೆ ನುಸುಳ್ತಾಳೋ ಅಂತ.

ಅವಳು ಜಗುಲಿಯಿಂದಿಳಿದು ಚೊಂಬು ಅವನ ಕೈಗಿಟ್ಟಳು. ತಾಮ್ರದ ಚೊಂಬು, ಭಾರವಿತ್ತು, ನೀರು ತಣ್ಣಗಿತ್ತು. ಅವನ ಹೆಗಲಾಚೆ ನೋಡಿ ಇನ್ನೂ ಮೆಲ್ಲಗೆ ಹೇಳಿದಳು.

"ಹಿಂದ್ಗಡೆ ಯಾರೋ ಬಂದವ್ನೆ... ಅವ್ನ್ ಹೆಸ್ರು ಹೇಳಿ ಕಳ್ಸು. ಕಾಲ್ ತೊಳ್ಕಂಡ್ ನೀನು ಒಳೀಕ್ ಬಾ."

ಅವನು ತಿರುಗಿದ. ಪಾಳುಬಾವಿಯ ಕಟ್ಟೆಯ ಪಕ್ಕ ಒಬ್ಬ ಮನುಷ್ಯ ನಿಂತಿದ್ದ. ಎರಡೂ ಕಾಲು ನೆಟ್ಟಗೆ ಊರಿ, ಕೈ ಹಿಂದಕ್ಕೆ ಕಟ್ಟಿ. ಲಾಂದ್ರದ ಬೆಳಕು ಅವನ ಕನ್ನಡಕದ ಗಾಜಿನಲ್ಲಿ ಎರಡು ಚುಕ್ಕಿಯಾಗಿತ್ತು. ಯೋಗ ಜೇಬಿನಲ್ಲಿದ್ದ ಕನ್ನಡಕದ ಡಬ್ಬಿ ಮುಟ್ಟಿ ನೋಡಿಕೊಂಡ. ಹಗುರವಾಗಿತ್ತು.

ಏನು ಹೇಳಬೇಕು ಅಂತ ಅವನಿಗೆ ಗೊತ್ತಿತ್ತು. ಮೇಷ್ಟ್ರು ಕಲಿಸಿದ ಮಾತೇ. ಯೋಗನರಸಿಂಹ, ನೀನಿನ್ನು ಹೋಗು. ಅಷ್ಟು ಅಂದು ಕಾಲಿಗೆ ನೀರು ಹಾಕಿಕೊಂಡರೆ ಮುಗಿಯಿತು. ಒಳಗೆ ಬಿಸಿ ಮುದ್ದೆ, ಬೆಳಿಗ್ಗೆ ಏಳಿಸೋಕೆ ಒಬ್ಬರು, ತಡವಾದರೆ ಬೈಯೋಕೆ ಒಬ್ಬರು. ತುಮಕೂರಿನಲ್ಲಿ ಯಾರಿಗೆ ಗೊತ್ತಾಗುತ್ತೆ? ಆಫೀಸಿನಲ್ಲಿ ಒಂದು ಸ್ಟೂಲು ಖಾಲಿ. ಮೆಸ್ಸಿನಲ್ಲಿ ಒಂದು ತಟ್ಟೆ ಕಮ್ಮಿ. ಪಕ್ಕದ ಮನೆಯಲ್ಲಿ ಗೊರಕೆ.

ತುಟಿಯವರೆಗೆ ಬಂತು. "ಯೋ..." ಅಂದ.

ಬಾವಿಯ ಪಕ್ಕದವನು ಅಲುಗಾಡಲಿಲ್ಲ. ಹೋಗು ಅಂದರೆ ಹೋಗುವವನ ಹಾಗೆ, ಹೇಳಿದ್ದಕ್ಕೆಲ್ಲ "ಸಾಕು, ಬೇಡ" ಅನ್ನುವವನ ಹಾಗೆ ನಿಂತಿದ್ದ. ಎಲ್ಲಿಗೆ ಹೋಗುತ್ತಾನೆ ಅಂತ ಯೋಗನಿಗೆ ಆಗ ಹೊಳೆಯಿತು. ಎಲ್ಲಿಗೂ ಇಲ್ಲ. ಈ ಕತ್ತಲಲ್ಲಿ ಅವನೊಬ್ಬನಿಗೆ ಹೋಗೋಕೆ ಜಾಗ ಇಲ್ಲ. ರಂಗಯ್ಯನಿಗಿದೆ. ಆ ಮುದ್ದೆ ಮುಚ್ಚಿಟ್ಟಿರೋದೂ ರಂಗಯ್ಯನಿಗೇ.

ಅವನು ಎಡಗಾಲ ಮೇಲೆ ನೀರು ಹಾಕಿದ. ಬಲಗಾಲ ಮೇಲೆ ಹಾಕಿದ.

"ಚಿಕ್ಕರಂಗಯ್ಯ," ಅಂದ. "ನೀನಿನ್ನು ಮನೆಗೆ ಹೋಗು."

ಆಮೇಲೆ, ಯಾರಿಗೂ ಕೇಳದ ಹಾಗೆ, ತನ್ನ ಹೆಸರು ಹೇಳಿಕೊಂಡ.

ಕೈಯಲ್ಲಿ ಚೊಂಬು ಇರಲಿಲ್ಲ. ಬೆನ್ನಿಗೆ ಬಾವಿಯ ಕಟ್ಟೆ ತಗುಲಿತು. ಮೂಗಿನ ಮೇಲೆ ಕನ್ನಡಕದ ಭಾರ. ಮುಂದೆ, ಜಗುಲಿಯ ಬೆಳಕಿನಲ್ಲಿ, ಹೆಗಲಿಗೆ ಟವೆಲ್ ಹಾಕಿದ ಒಬ್ಬನ ಬೆನ್ನು ಮೆಟ್ಟಿಲು ಹತ್ತುತ್ತಿತ್ತು. ಟಪ್... ಸರ್ರ್... ಚಿಣ್. ಒಳಗೆ ಹೋಯಿತು.

ದೊಡ್ಡಗಂಗಮ್ಮ ಕುಟ್ಟಾಣಿ ಎತ್ತಿಕೊಳ್ಳೋಕೆ ಬಗ್ಗಿದವಳು ಇವನನ್ನು ನೋಡಿದಳು.

"ಯಾರಪ್ಪ ಅದು? ನೀನ್ಯಾಕ್ ನಿಂತಿದೀಯ ಕತ್ಲಲ್ಲಿ? ಹೊತ್ತಾಯ್ತು, ನಿಮ್ಮನೇಲಿ ಕಾಯ್ತಿರ್ತಾರೆ. ಹೋಗು."

"ಹೂನಮ್ಮ," ಅಂದ ಯೋಗ. "ಕಾಯ್ತಿರ್ತಾರೆ."

ಬಾಗಿಲು ಹಾಕಿಕೊಂಡಿತು. ಅಗಳಿ ಬಿದ್ದ ಸದ್ದು. ಒಳಗೆ ತಟ್ಟೆ ಇಟ್ಟ ಸದ್ದು, ಅಕ್ಕ ಏನೋ ಹೇಳಿದ್ದು, ತಮ್ಮ ನಕ್ಕಿದ್ದು. ಅವನು ಅಷ್ಟನ್ನೂ ಕೇಳಿಸಿಕೊಂಡು ಹೊರಟ. ಎರಡೂ ಕಾಲು ಟಪ್... ಟಪ್... ಅಂತ ಸರಿಯಾಗಿ ಬೀಳುತ್ತಿದ್ದವು. ಅಷ್ಟು ಬೇಜಾರಿನ ಸದ್ದು ಜನ್ಮದಲ್ಲಿ ಕೇಳಿರಲಿಲ್ಲ ಅಂದ. ಟಾರು ರಸ್ತೆ ಸೇರಿದ ಮೇಲೆ ತಿರುಗಿ ನೋಡಿದರೆ ಆಲದ ಮರ ಒಂದೇ ಇತ್ತು.

ಬೆಳಗಿನ ಜಾವ ಶೆಟ್ಟಿಹಳ್ಳಿಗೆ ಬಂದ. ನಾನು ಗೊರಕೆ ಹೊಡೆಯುತ್ತಿದ್ದೆ. ಪದ್ಮಮ್ಮ ನೀರು ಸೇದೋಕೆ ಎದ್ದವಳು, ಬಾವಿ ಕಟ್ಟೆಯ ಮೇಲೆ ಪಂಚೆ ಉಟ್ಟು ಕೂತಿದ್ದವನನ್ನು ಕಂಡು ಕಾಫಿ ಕೊಟ್ಟು ನನ್ನನ್ನು ಏಳಿಸಿದಳು. ಅಲ್ಲೇ ಕೂತು ಎಲ್ಲಾ ಹೇಳಿದ. ಜೇಬು ತೋರಿಸಿದ. ಬೀಗದ ಕೈ ಇತ್ತು. ಸ್ಪ್ಯಾನರು ಇರಲಿಲ್ಲ. ಮೇಷ್ಟ್ರು ಪೂರ್ತಿ ಕೇಳಿ ಎದ್ದು ಹೋದರು. ಭಾನುವಾರದ ಆಟ ಅಲ್ಲಿಗೆ ನಿಂತಿತು.

ಧೈರ್ಯಕ್ಕೆ ಹೆಸರಾದವನು ನಾನು, ಮುಂದಿನ ವಾರ ಮಟಮಟ ಮಧ್ಯಾಹ್ನ ಅವನನ್ನು ಕರೆದುಕೊಂಡು ಆ ಜಾಗಕ್ಕೆ ಹೋದೆ. ಮರ. ಬಾವಿ. ಕತ್ತಾಳೆ. ಬೇರೇನಿಲ್ಲ. ನಾನು ಇಪ್ಪತ್ತು ಮಾರು ದೂರದಿಂದಲೇ ಅಷ್ಟನ್ನೂ ಚೆನ್ನಾಗಿ ನೋಡಿದೆ.

ಮೂರು ವಾರ ಆಗಿರಬೇಕು. ನೀರಾವರಿ ಆಫೀಸಿಗೆ ಕಡಬದ ತೂಬಿನ ವಿಷಯಕ್ಕೆ ಅರ್ಜಿ ಹಿಡಿದು ಒಬ್ಬ ರೈತ ಬಂದ. ನಾನು ಟೈಪ್ ಮಾಡುತ್ತಾ ಕೂತಿದ್ದೆ. ಅವನು ನೇರ ಯೋಗನ ಮೇಜಿನ ಹತ್ತಿರ ಹೋಗಿ ನಿಂತ. ರಾಮಾಂಜಿನಯ್ಯ. ಆರೇಳು ಭಾನುವಾರ ಇದೇ ಮುಖದ ಜೊತೆ ಬೀಡಿ ಸೇದಿದವನು, ಇದೇ ಕೈಯಿಂದ ಪಂಪು ಬಿಚ್ಚಿಸಿದವನು. ಯೋಗ ಪೆನ್ನು ಕೆಳಗಿಟ್ಟ.

"ನಕ್ಸೆ ಬರಿಯೋ ಕನ್ನಡಕದ ಸ್ವಾಮಿ ಅಂದ್ರೆ ನೀವೇಯಾ?" ಅಂತ ಕೇಳಿದ ರಾಮಾಂಜಿನಯ್ಯ. ಕಣ್ಣಿನಲ್ಲಿ ಗುರುತಿನ ಸುಳಿವೇ ಇರಲಿಲ್ಲ.

ಪಂಪಿನ ರಂಗಣ್ಣ ಹೇಳಿಕಳಿಸಿದ್ದಾನೆ ಅಂದ. ಯೋಗ ಮೆಲ್ಲಗೆ ಕೇಳಿದ, ಪಂಪು ಸರಿಹೋಯಿತಾ ಅಂತ. ಅಯ್ಯೋ, ಹೇಳಿದ ಹಾಗೇ ಸೋಮವಾರ ಬೆಳಿಗ್ಗೆ ಬಂದು ಹತ್ತೇ ನಿಮಿಷದಲ್ಲಿ ವಾಲ್ವು ಹಾಕಿಕೊಟ್ಟ, ಈಗ ತೊಡೆಗಾತ್ರ ನೀರು ಬರುತ್ತಿದೆ ಅಂದ. ಸೋಮವಾರ ಬೆಳಿಗ್ಗೆ ಯೋಗ ನನ್ನ ಎದುರಿಗೇ ಮಾರ್ಕೋನಹಳ್ಳಿ ನಾಲೆಯ ಗೆರೆ ಎಳೆಯುತ್ತಾ ಕೂತಿದ್ದ. ಹಾಜರಿ ಪುಸ್ತಕದಲ್ಲಿ ಸಹಿ ಇದೆ.

ಆಮೇಲೆ ರಾಮಾಂಜಿನಯ್ಯ ಹೇಳೋಕೆ ಬಂದಿದ್ದನ್ನು ಹೇಳಿದ.

"ಅವ್ರಕ್ಕ ಬೇಜಾರ್ ಮಾಡ್ಕಂಡವ್ಳಂತೆ ಸ್ವಾಮಿ. ಅವತ್ತು ರಾತ್ರಿ ತಮ್ಮನ್ ಜೊತೇಲಿ ಬಂದೋರ್ನ ಊಟಕ್ಕೇಳ್ದೆ ಹಂಗೇ ಕಳ್ಸ್‌ಬುಟ್ಟೆ ಅಂತ. ಒಂದಿನ ಬಂದ್ ಉಂಡೋಗಾಕೇಳು ಅಂದ್ಳಂತೆ."

ನನ್ನ ಮಷೀನು ನಿಂತಿತು. ಯೋಗ ಕನ್ನಡಕ ತೆಗೆದು ಒರೆಸಿಕೊಂಡ, ಹಾಕಿಕೊಂಡ, ಮತ್ತೆ ತೆಗೆದ. ನೀವು ಅವರ ಮನೆ ನೋಡಿದ್ದೀರಾ ಅಂತ ನಾನೇ ಕೇಳಿದೆ. ಇಲ್ಲ, ಏರಿ ಹಿಂದೆ ಎಲ್ಲೋ ಇದ್ದಾರಂತೆ, ಸಂಜೆಯಾದರೆ ಸಾಕು ಅಕ್ಕ ಕಾಯ್ತಾಳೆ ಅಂತ ಓಡುತ್ತಾನೆ ಆಸಾಮಿ, ಅಂದ ರಾಮಾಂಜಿನಯ್ಯ.

ಸಂಜೆ ವಾಪಸ್ ನಡೆಯುವಾಗ ಹೋಗ್ತೀಯೇನೋ ಅಂತ ಕೇಳಿದೆ.

"ಹೋದ್ರೆ ನಾನಲ್ಲಿ ನೆಂಟ ಕಣೋ," ಅಂದ. "ಉಂಡಾದ ಮೇಲೆ ನೆಂಟ ಎದ್ದು ಬರ್ಬೇಕಲ್ಲ."

ಹೋಗಲಿಲ್ಲ. ಆದರೆ ಆ ರಾತ್ರಿ ಅವನ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಈ ಸಲ ನಾನೇ ನೋಡಿದೆ, ಯಾಕೆಂದರೆ ಆ ಭಾನುವಾರದ ಮೇಲೆ ನಾನು ಹತ್ತಕ್ಕೆ ಮಲಗೋದು ಬಿಟ್ಟಿದ್ದೆ. ಅವನ ಬೀಗ ತೆಗೆದ ಸದ್ದಾಗುವವರೆಗೆ ಜಗುಲಿಯಲ್ಲಿ ಕೂತಿರುತ್ತಿದ್ದೆ. ಕೇಳಿದವರಿಗೆ ಸೊಳ್ಳೆ ಕಾಟ ಅನ್ನುತ್ತಿದ್ದೆ. ಕಿಟಕಿಯಲ್ಲಿ ಇಣುಕಿದರೆ ಯೋಗ ಆ ಮನೆಯ ಟ್ರೇಸಿಂಗ್ ಹಾಳೆ ಹಾಸಿಕೊಂಡು, ಬ್ಲೇಡಿನಿಂದ ಕೆರೆಯುತ್ತಿದ್ದ. ಕರ್... ಕರ್... ಕರ್... ಇಂಕು ಪುಡಿಯಾಗಿ ಏಳುತ್ತಿತ್ತು. ಊದಿ, ಹಿತ್ತಲ ಬಾಗಿಲನ್ನು ಒಳಕ್ಕೆ ತೆರೆಯುವ ಹಾಗೆ ಹೊಸದಾಗಿ ಬರೆದ. ನಾನು ಅವನಿಗೂ ಹೇಳಲಿಲ್ಲ, ಪದ್ಮಮ್ಮನಿಗೂ ಹೇಳಲಿಲ್ಲ.

ದೀಪಾವಳಿ ಆದ ಮುಂದಿನ ವಾರ ರಾಮಾಂಜಿನಯ್ಯ ಅದೇ ಅರ್ಜಿ ಹಿಡಿದು ಮತ್ತೆ ಬಂದ. ಹೋಗುವಾಗ ಬಾಗಿಲ ಹತ್ತಿರ ಏನೋ ನೆನಪಾದವನ ಹಾಗೆ ತಿರುಗಿ ನಿಂತ.

"ಮರ್ತಿದ್ದೆ ನೋಡಿ. ಹಿತ್ಲು ಬಾಗ್ಲು ಈಗ ಪೂರ್ತಿ ತೆಗೀತದೆ ಅಂತ ಹೇಳಂದಿದ್ಲಂತೆ ರಂಗಣ್ಣನಕ್ಕ. ಏನ್ ಬಾಗ್ಲೋ ಏನೋ, ನಂಗ್ ಗೊತ್ತಿಲ್ಲ."

ಯೋಗ ತಲೆ ಬಗ್ಗಿಸಿ ಗೆರೆ ಎಳೆಯುತ್ತಲೇ ಇದ್ದ. ಆದರೆ ಅವನ ಹಲ್ಲು ಕಂಡಿತು. ನಾನು ಎರಡನೇ ಸಲ ನೋಡಿದ್ದು ಅವತ್ತು.

ಯೋಗ ಈಗಿಲ್ಲ. ಕುದುರೆ ವಿಷಯ ನಂಬದಿದ್ದರೆ ಬಿಡಿ, ಮೂರನೆಯದು ನಿಜವಾಗಿ ಸತ್ತಿತು. ಇದು ಮಾತ್ರ ನಡೆದದ್ದು. ಆ ಹಾಳೆ ನನ್ನ ಟ್ರಂಕಿನಲ್ಲಿದೆ. ಹಿತ್ತಲ ಬಾಗಿಲ ಹತ್ತಿರ ಬೆರಳಾಡಿಸಿದರೆ ಬ್ಲೇಡು ಕೆರೆದ ಜಾಗ ಒರಟಾಗಿ ತಗಲುತ್ತೆ.